ಸಾರಾಯಿ ಮಾತ್ರ ವಿಷ, ಕಂಪನಿ ಮಾಲು ಶುದ್ಧವೇ? ಪೊಟ್ಟಣ ಬದಲಾದಾಗ ನಿಜಕ್ಕೂ ಬದಲಾಗಿದ್ದೇನು

ಮಲೆನಾಡಿನ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುವ ಒಂದು ಸಂದೇಶ ನಿಮಗೂ ಬಂದಿರಬಹುದು. ಒಂದೊಂದು ಊರಿನಲ್ಲಿ ಒಂದೊಂದು ರೂಪದಲ್ಲಿ ಸಿಗುವ ಅದರ ಸಾರ ಇಷ್ಟು: ಹಿಂದೆ ಹಳ್ಳಿಗಳನ್ನು ಹಾಳು ಮಾಡಿದ್ದು ಸಾರಾಯಿ, ಅದು ಬಂದ್ ಆದ ಮೇಲೆ ಕುಡಿತ ಇಳಿದಿದೆ. ಈಗ ಸಿಗುವುದು ಕಂಪನಿಯ ಶುದ್ಧ ಮಾಲು, ಹದವಾಗಿ ಕುಡಿದರೆ ತೊಂದರೆ ಇಲ್ಲ. ಹೊಸ ತಲೆಮಾರಿನವರಂತೂ ಕುಡಿಯುವುದನ್ನೇ ಬಿಡುತ್ತಿದ್ದಾರೆ.

ಮೂರೂ ಮಾತುಗಳಲ್ಲಿ ಒಂದೊಂದು ಎಳೆ ನಿಜವಿದೆ. ಇಂಥ ಸಂದೇಶವನ್ನು ಜನ ನಂಬುವುದು ಆ ಒಂದು ಎಳೆಯ ಕಾರಣಕ್ಕೆ. ಹಾಗಾಗಿ ಒಂದೊಂದನ್ನೇ ಬಿಡಿಸಿ ನೋಡೋಣ.

ಇದಕ್ಕೆ ಕುಬಟೂರಿನ ಸುತ್ತಲಿನ ಊರುಗಳಿಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ. ಸೊರಬ ತಾಲ್ಲೂಕಿನ ಆನವಟ್ಟಿಯ ಪಕ್ಕದಲ್ಲಿರುವ ಈ ಊರನ್ನು ಹೊರಗಿನವರು ಗುರುತಿಸುವುದು ಚಾಲುಕ್ಯರ ಕಾಲದ ಕೈಟಭೇಶ್ವರ ದೇವಸ್ಥಾನದಿಂದ. ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪ ಹುಟ್ಟಿದ್ದೂ ಇಲ್ಲಿಯೇ. ಪಕ್ಕದ ಶಿಕಾರಿಪುರ ತಾಲ್ಲೂಕು ಬಿ.ಎಸ್. ಯಡಿಯೂರಪ್ಪನವರ ಕ್ಷೇತ್ರವಾಗಿತ್ತು. ಅವರು ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ನೋಡಿಕೊಳ್ಳುತ್ತಿದ್ದಾಗ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ನಿಷೇಧ ಜಾರಿಗೆ ಬಂದದ್ದು 2007ರ ಜುಲೈ 1ರಂದು. ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಬೆಳೆಯುವ ಈ ಸೀಮೆಯ ಕೂಲಿಕಾರರ ಸಂಜೆಯನ್ನು ಅಂದಿನ ಆದೇಶ ಹೇಗೆ ಬದಲಿಸಿತು ಎನ್ನುವುದರಲ್ಲಿ ಇಡೀ ಕರ್ನಾಟಕದ ಕಥೆ ಇದೆ.

ಯೆಂಡದಿಂದ ಕೊಟ್ಟೆಗೆ, ಕೊಟ್ಟೆಯಿಂದ ನೈಂಟಿಗೆ

ಜಿ.ಪಿ. ರಾಜರತ್ನಂ ಅವರ ಪ್ರಸಿದ್ಧ ಪಾತ್ರದ ಹೆಸರು ಯೆಂಡ್ಕುಡ್ಕ ರತ್ನ. ಅವನು ವಿಸ್ಕಿ ಕುಡುಕನಲ್ಲ, ಯೆಂಡದ ಕುಡುಕ. ಆ ಕಾಲದ ಬಡವನ ಪಾನೀಯ ಯಾವುದು ಎಂಬುದು ಆ ಹೆಸರಿನಲ್ಲೇ ದಾಖಲಾಗಿದೆ. ಇನ್ನೂ ಹಿಂದಕ್ಕೆ ಹೋದರೆ 12ನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬುವರೇ ಇದ್ದರು. ಮಲೆನಾಡಿನಲ್ಲಿ ಬಗನಿ ಮರದಿಂದ, ಬಯಲುಸೀಮೆಯಲ್ಲಿ ಈಚಲು ಮರದಿಂದ ಇಳಿಸುತ್ತಿದ್ದ ಹೆಂಡದಲ್ಲಿ ಮದ್ಯಸಾರದ ಪ್ರಮಾಣ ಸಾಮಾನ್ಯವಾಗಿ ಶೇ. 5ರ ಆಸುಪಾಸು, ಹೆಚ್ಚುಕಡಿಮೆ ಇಂದಿನ ಸಾದಾ ಬಿಯರಿನಷ್ಟು. ಮರದಿಂದ ಇಳಿಸಿದ ಕೆಲವೇ ಗಂಟೆಗಳಲ್ಲಿ ಹುಳಿಯಾಗುತ್ತಿದ್ದುದರಿಂದ ಅದನ್ನು ದೂರ ಸಾಗಿಸಲು, ಕೂಡಿಡಲು ಆಗುತ್ತಿರಲಿಲ್ಲ.

ಸಾರಾಯಿಗೆ ಆ ಅಡ್ಡಿ ಇರಲಿಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಾಕಂಬಿಯಿಂದ ಸ್ಪಿರಿಟ್ ತೆಗೆದು, ನೀರು ಬೆರೆಸಿ ಹದ ಮಾಡಿದರೆ ಸಾರಾಯಿ. ಸರ್ಕಾರ ಪ್ರದೇಶವಾರು ಹರಾಜು ಹಾಕುತ್ತಿತ್ತು, ಗುತ್ತಿಗೆ ಹಿಡಿದವರು ಮಾರುತ್ತಿದ್ದರು. ಕೊನೆಕೊನೆಗೆ ಅದು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಂತು. ಮಲೆನಾಡಿನವರು ಪ್ಲಾಸ್ಟಿಕ್ ಚೀಲಕ್ಕೆ ಕೊಟ್ಟೆ ಎನ್ನುವುದರಿಂದ ಅದು ಕೊಟ್ಟೆ ಸಾರಾಯಿಯಾಯಿತು. ಈ ಗುತ್ತಿಗೆಗಳ ಹಿಂದೆ ಎಷ್ಟು ಹಣ, ಎಷ್ಟು ರಾಜಕೀಯ ಇತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1986ರ ಫೆಬ್ರವರಿಯಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಸರ್ಕಾರವನ್ನು ಟೀಕಿಸಿದಾಗ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆಯನ್ನೇ ಕೊಟ್ಟರು. ಮೂರು ದಿನಗಳ ನಂತರ ಹಿಂಪಡೆದರು.

2007ರಲ್ಲಿ ಕೊಟ್ಟೆ ಹೋಯಿತು. ಆದರೆ ಕೂಲಿ ಮುಗಿಸಿ ಬಂದವನು ಎಲ್ಲಿ ಹೋದ? ಬ್ರಾಂದಿ ಅಂಗಡಿಗೆ ಹೋದ. ಅಲ್ಲಿ ಅವನಿಗಾಗಿಯೇ 90 ಎಂಎಲ್, 180 ಎಂಎಲ್ ಅಳತೆಯ ಅಗ್ಗದ ವಿಸ್ಕಿ, ಬ್ರಾಂದಿ, ರಮ್ ಸಿಗುತ್ತಿತ್ತು. ಮುಂದೆ ಇವು ಹಣ್ಣಿನ ರಸದ ಹಾಗೆ ಟೆಟ್ರಾ ಪ್ಯಾಕಿನಲ್ಲೇ ಬಂದವು. ಇವತ್ತು ಗದ್ದೆಯ ಬದುವಿನಲ್ಲಿ, ಕೆರೆ ಏರಿಯ ಮೇಲೆ, ತೋಟದ ಬೇಲಿಯ ಪಕ್ಕ ಬಿದ್ದಿರುವ ಖಾಲಿ ಪೊಟ್ಟಣಗಳನ್ನು ನೀವೂ ನೋಡಿರುತ್ತೀರಿ. ಒಂದೇ ಬಾರಿಗೆ ಮುಗಿಸುವಷ್ಟು ಅಳತೆ, ಜೇಬಿನಲ್ಲಿ ಹಿಡಿಯುವ ಗಾತ್ರ, ಕೂಲಿಗೆ ಎಟಕುವ ಬೆಲೆ: ಕೊಟ್ಟೆ ಸಾರಾಯಿಯ ಮೂರೂ ಗುಣ ಇದರಲ್ಲಿವೆ. ನಮ್ಮ ಅಭಿಪ್ರಾಯದಲ್ಲಿ 2007ರ ನಂತರ ಹಳ್ಳಿಯಲ್ಲಿ ಬದಲಾದದ್ದು ಪೊಟ್ಟಣ, ಪದ್ಧತಿಯಲ್ಲ.

ಸರ್ಕಾರದ ಲೆಕ್ಕವೂ ಅದನ್ನೇ ಹೇಳುತ್ತದೆ. ಸಾರಾಯಿ ಆದಾಯ ಪೂರ್ತಿ ನಿಂತ ಮೇಲೆ ಅಬಕಾರಿ ಆದಾಯ ಕುಸಿಯಬೇಕಿತ್ತು. ಕುಸಿಯಲಿಲ್ಲ. 2008-09ರ ಹೊತ್ತಿಗೇ ಅದು 5,000 ಕೋಟಿ ರೂಪಾಯಿ ದಾಟಿತ್ತು. 2023-24ರಲ್ಲಿ 34,000 ಕೋಟಿಗೂ ಹೆಚ್ಚು ಬಂತು. 2025-26ರ ಬಜೆಟ್‌ನಲ್ಲಿ ಇಟ್ಟ ಗುರಿ 40,000 ಕೋಟಿ. ಈ ಏರಿಕೆಯಲ್ಲಿ ತೆರಿಗೆ ಮತ್ತು ಬೆಲೆ ಹೆಚ್ಚಳದ ಪಾಲೂ ದೊಡ್ಡದಿದೆ, ಅಷ್ಟಕ್ಕಷ್ಟೂ ಜನ ಹೆಚ್ಚು ಕುಡಿದರು ಎಂದು ಅರ್ಥವಲ್ಲ. ಆದರೆ ಸಾರಾಯಿ ಬಂದ್ ಆಗಿದ್ದಕ್ಕೆ ಹಳ್ಳಿಯ ಕುಡಿತ ನಿಂತಿತು ಎನ್ನುವ ಮಾತಿಗೆ ಈ ಲೆಕ್ಕದಲ್ಲಿ ಆಧಾರ ಸಿಗುವುದಿಲ್ಲ.

‘ಕಂಪನಿ ಮಾಲು’ ಎಂದರೆ ಏನು

ಸಂದೇಶದಲ್ಲಿ ಅತಿ ಹೆಚ್ಚು ಹಾನಿ ಮಾಡುವ ಮಾತು ಇದು. ಜನ ವಿಸ್ಕಿ ಎಂದರೆ ಬಾರ್ಲಿಯಿಂದ, ಬ್ರಾಂದಿ ಎಂದರೆ ದ್ರಾಕ್ಷಿಯಿಂದ ಮಾಡಿದ್ದು ಎಂದುಕೊಳ್ಳುತ್ತಾರೆ. ದುಬಾರಿ ಮಾಲಿನ ಮಟ್ಟಿಗೆ ಅದು ಸರಿ. ಬೆಂಗಳೂರಿನ ಅಮೃತ್ ಕಂಪನಿ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿದ ಸಿಂಗಲ್ ಮಾಲ್ಟ್ ನಿಜಕ್ಕೂ ಬಾರ್ಲಿಯದ್ದೇ. ಆದರೆ ನಮ್ಮಲ್ಲಿ ಮಾರಾಟವಾಗುವ ಅಗ್ಗದ ವಿಸ್ಕಿ, ಬ್ರಾಂದಿ, ರಮ್‌ಗಳ ಮೂಲ ಬಹುಮಟ್ಟಿಗೆ ಒಂದೇ: ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ, ಬಣ್ಣ ವಾಸನೆ ಇಲ್ಲದ ಸ್ಪಿರಿಟ್. ಅದಕ್ಕೆ ನೀರು, ಸುಟ್ಟ ಸಕ್ಕರೆಯ ಬಣ್ಣ, ಪರಿಮಳ ಸೇರಿಸಿದರೆ ಬೇಕಾದ ಹೆಸರಿನ ಮದ್ಯ ತಯಾರು. ಸಾರಾಯಿಯ ಮೂಲವೂ ಕಾಕಂಬಿಯ ಸ್ಪಿರಿಟ್ಟೇ ಆಗಿತ್ತು. ಅಂದರೆ ಕೊಟ್ಟೆಗೂ ಕ್ವಾರ್ಟರಿಗೂ ಸಂಬಂಧ ಸೋದರರದ್ದು.

ಕಾರ್ಖಾನೆಯ ಮಾಲಿಗೆ ಒಂದು ನಿಜವಾದ ಅನುಕೂಲವಿದೆ. ಅದರಲ್ಲಿ ಎಷ್ಟು ಮದ್ಯಸಾರ ಇದೆ ಎಂದು ಬರೆದಿರುತ್ತದೆ ಮತ್ತು ಮೆಥನಾಲ್ ಬೆರೆತಿರುವ ಸಾಧ್ಯತೆ ಬಹಳ ಕಡಿಮೆ. ಇದು ಸಣ್ಣ ವಿಷಯವಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧವಾಗಿ ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಮತ್ತೆ 100ಕ್ಕೂ ಹೆಚ್ಚು ಸಾವುಗಳಾದವು. ಮೆಥನಾಲ್ ನೋಡಲು, ಮೂಸಲು ಮದ್ಯಸಾರದಂತೆಯೇ ಇರುತ್ತದೆ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ, ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಕುಡಿದು ಹಲವು ಗಂಟೆಗಳ ಮೇಲೆ ಕಣ್ಣು ಮಂಜಾದರೆ, ವಾಂತಿ, ಹೊಟ್ಟೆನೋವು ಬಂದರೆ ಅದನ್ನು ‘ಇಳಿಯದ ನಶೆ’ ಎಂದುಕೊಂಡು ಮಲಗಿಸಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೇಗ ತಲುಪಿದರೆ ಚಿಕಿತ್ಸೆ ಇದೆ.

ಆದರೆ ಮೆಥನಾಲ್ ಇಲ್ಲ ಎಂಬುದಕ್ಕೆ ‘ಶುದ್ಧ’ ಎಂಬ ಪದ ಹಚ್ಚಿ, ಆ ಶುದ್ಧಕ್ಕೆ ‘ಸುರಕ್ಷಿತ’ ಎಂಬ ಅರ್ಥ ಕೊಡುವಲ್ಲಿ ಮೋಸವಿದೆ. ಶುದ್ಧವಾದ ಮದ್ಯಸಾರವೇ ಯಕೃತ್ತನ್ನು ಹಾಳು ಮಾಡುವುದು. ಬಾಯಿ, ಗಂಟಲು, ಅನ್ನನಾಳ, ಸ್ತನದ ಕ್ಯಾನ್ಸರ್‌ಗಳಿಗೂ ಅದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮದ್ಯವನ್ನು ತಂಬಾಕಿನ ಜೊತೆ ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟದ್ದು 1988ರಲ್ಲಿ. ಬ್ರ್ಯಾಂಡ್ ಯಾವುದು ಎಂದು ಯಕೃತ್ತು ಕೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ

ಮುಂದಿನ ಸಲ ಬಾಟಲಿ ಕಂಡಾಗ ಹೆಸರಿನ ಬದಲು ಸಣ್ಣ ಅಕ್ಷರಗಳನ್ನು ಓದಿ. ವಿಸ್ಕಿ, ಬ್ರಾಂದಿ, ರಮ್‌ಗಳ ಮೇಲೆ ಸಾಮಾನ್ಯವಾಗಿ ಶೇ. 42.8 ಎಂದಿರುತ್ತದೆ. ಒಂದು ಎಂಎಲ್ ಮದ್ಯಸಾರ ತೂಗುವುದು 0.79 ಗ್ರಾಂ. ಹಾಗಾಗಿ 30 ಎಂಎಲ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಮದ್ಯಸಾರ ಇರುತ್ತದೆ. ಭಾರತದ ವೈದ್ಯರು ‘ಒಂದು ಡ್ರಿಂಕ್’ ಎನ್ನುವುದು ಈ 10 ಗ್ರಾಮಿಗೆ. ನೈಂಟಿ ಎಂದರೆ 30 ಗ್ರಾಂ. ಕ್ವಾರ್ಟರ್ ಎಂದರೆ 60 ಗ್ರಾಂ.

ಒಂದೇ ಸಂದರ್ಭದಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ‘ಭಾರೀ ಕುಡಿತ’ ಎಂದು ವರ್ಗೀಕರಿಸುತ್ತದೆ. ‘ನಾನೇನು ಹೆಚ್ಚು ಕುಡಿಯಲ್ಲಪ್ಪ, ದಿನಾ ಒಂದು ಕ್ವಾರ್ಟರ್ ಅಷ್ಟೇ’ ಎನ್ನುವವರು ದಿನವೂ ಆ ಗೆರೆಯ ಮೇಲೇ ನಿಂತಿರುತ್ತಾರೆ.

ಬಿಯರ್ ‘ತಂಪು’, ‘ಜ್ಯೂಸ್ ಇದ್ದ ಹಾಗೆ’ ಎನ್ನುವವರಿಗೂ ಇದೇ ಲೆಕ್ಕ. 650 ಎಂಎಲ್‌ನ ಶೇ. 5ರ ಬಿಯರಿನಲ್ಲಿ ಸುಮಾರು 26 ಗ್ರಾಂ. ನಮ್ಮಲ್ಲಿ ಹೆಚ್ಚು ಖರ್ಚಾಗುವುದು ಸ್ಟ್ರಾಂಗ್ ಬಿಯರ್. ಶೇ. 8ರದ್ದಾದರೆ ಒಂದು ಬಾಟಲಿಗೆ 41 ಗ್ರಾಂ, ಅಂದರೆ ಒಂದು ನೈಂಟಿಗಿಂತ ಹೆಚ್ಚು. ಶೇ. 5ರ ಹೆಂಡ ಒಂದು ಲೀಟರ್ ಕುಡಿದರೂ ಹತ್ತಿರಹತ್ತಿರ ಅಷ್ಟೇ ಆಗುತ್ತದೆ. ವ್ಯತ್ಯಾಸ ಇರುವುದು ವೇಗದಲ್ಲಿ. ಒಂದು ಲೀಟರ್ ಹೆಂಡಕ್ಕೆ ಒಂದು ಸಂಜೆ ಬೇಕು. ನೈಂಟಿಯನ್ನು ಖಾಲಿ ಹೊಟ್ಟೆಯಲ್ಲಿ, ಅಂಗಡಿಯ ಹಿಂದೆ ನಿಂತು, ಯಾರಾದರೂ ನೋಡುವ ಮೊದಲು ಎರಡು ಗುಟುಕಿನಲ್ಲಿ ಮುಗಿಸಬಹುದು. ಯಕೃತ್ತಿಗೆ ಮಾತ್ರ ಒಂದು ಡ್ರಿಂಕ್ ಕರಗಿಸಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಲೆಗೆ ತಣ್ಣೀರು ಇವು ಯಾವುವೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ಕುಡಿದವನು ಎಚ್ಚರವಾಗಿರುವ ಕುಡುಕ ಆಗುತ್ತಾನೆ, ಅಷ್ಟೇ. ಬೈಕ್ ಹತ್ತುವವರು ಇದನ್ನು ನೆನಪಿಡಬೇಕು. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಅನ್ವಯಿಸುತ್ತದೆ. ಮೊದಲ ಸಲವೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ದುಡ್ಡಿನ ಲೆಕ್ಕವೂ ಇದೆ. ಒಂದು ಅಗ್ಗದ ಪೊಟ್ಟಣಕ್ಕೆ 80 ರೂಪಾಯಿ ಎಂದು ಇಟ್ಟುಕೊಳ್ಳಿ. ದಿನಕ್ಕೆ ಎರಡು ಎಂದರೆ ತಿಂಗಳಿಗೆ 4,800. ಮನೆಯೊಡತಿಯ ಖಾತೆಗೆ ಬರುವ ಗೃಹಲಕ್ಷ್ಮಿ ಹಣ 2,000. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತಾರೆ ಎಂಬ ಸಂದೇಶಗಳು ಹುಟ್ಟುವುದು ಇಲ್ಲಿಂದ. ಇದರಲ್ಲಿ ಪಕ್ಷದ ಜಗಳ ಬೇರೆ, ಅರ್ಥಶಾಸ್ತ್ರ ಬೇರೆ. ಬೆಲೆ ಏರಿಸಿದರೆ ಒಟ್ಟಾರೆ ಕುಡಿತ ಇಳಿಯುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ, ಹೊಸದಾಗಿ ಶುರುಮಾಡುವ ಹುಡುಗರಿಗೆ ಅದು ತಡೆಯೂ ಹೌದು. ಆದರೆ ಚಟಕ್ಕೆ ಬಿದ್ದವನು ಪೊಟ್ಟಣ ಬಿಡುವ ಮೊದಲು ಮನೆಯ ದಿನಸಿ ಬಿಡುತ್ತಾನೆ. ಎರಡೂ ಏಕಕಾಲಕ್ಕೆ ನಿಜ. 2023ರ ಜುಲೈನಲ್ಲಿ ಮದ್ಯದ ಹೆಚ್ಚುವರಿ ಅಬಕಾರಿ ಸುಂಕವನ್ನು ಎಲ್ಲ ಹಂತಗಳಲ್ಲೂ ಏರಿಸಿದ ಸರ್ಕಾರ, 2024ರಲ್ಲಿ ದುಬಾರಿ ಬ್ರ್ಯಾಂಡ್‌ಗಳ ಮೇಲಿನ ತೆರಿಗೆಯನ್ನು ಇಳಿಸಿತು. ಅವು ನೆರೆರಾಜ್ಯಗಳಲ್ಲಿ ಅಗ್ಗವಾಗಿದ್ದು, ಗಿರಾಕಿಗಳು ಅಲ್ಲಿಗೆ ಹೋಗುತ್ತಿದ್ದಾರೆ ಎಂಬುದು ಕಾರಣ. ಕುಡಿಯುವ ಮದ್ಯ ಜಿಎಸ್‌ಟಿಯ ಹೊರಗಿದೆ, ತೆರಿಗೆ ಹಾಕುವ ಅಧಿಕಾರ ರಾಜ್ಯದ್ದೇ. ಯಾವ ಪಕ್ಷ ಬಂದರೂ ಈ ಆದಾಯವನ್ನು ಬಿಡಲು ಮನಸ್ಸು ಮಾಡದಿರುವುದಕ್ಕೆ ಇದೂ ಒಂದು ಕಾರಣ.

ಯಾರು ಕುಡಿಯುತ್ತಿದ್ದಾರೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೀರಿದ ಗಂಡಸರಲ್ಲಿ ಮದ್ಯ ಸೇವಿಸುವವರು ಸುಮಾರು ಆರರಲ್ಲಿ ಒಬ್ಬರು, ಹೆಂಗಸರಲ್ಲಿ ನೂರಕ್ಕೆ ಸುಮಾರು ಒಬ್ಬರು. ‘ಈಗ ಎಲ್ಲರೂ ಕುಡಿಯುತ್ತಾರೆ’ ಎನ್ನುವುದು ಹೀಗೆ ಮೊದಲ ಹಂತದಲ್ಲೇ ಸುಳ್ಳು. ಐವರು ಗಂಡಸರು ಕುಡಿಯುವುದಿಲ್ಲ. ಕುಡಿಯುವ ಆ ಒಬ್ಬ ಹೆಚ್ಚು ಕುಡಿಯುತ್ತಾನೆ, ಅದೂ ಬಿಯರ್, ವೈನ್‌ಗಿಂತ ಹೆಚ್ಚಾಗಿ ಗಡುಸಾದ ಮದ್ಯವನ್ನು. ಇನ್ನೊಂದು ವಿಷಯ: ದೇಶದ ಮಟ್ಟದಲ್ಲಿ ಕುಡಿಯುವ ಗಂಡಸರ ಪ್ರಮಾಣ ಪಟ್ಟಣಕ್ಕಿಂತ (ಶೇ. 16.5) ಹಳ್ಳಿಯಲ್ಲೇ ಹೆಚ್ಚು (ಶೇ. 19.9). ಪಬ್ಬು, ಪಾರ್ಟಿಯ ಚಿತ್ರ ಹಾಕಿ ‘ಸಂಸ್ಕೃತಿ ಹಾಳಾಯಿತು’ ಎನ್ನುವ ಸಂದೇಶಗಳು ಕಾಣಿಸದ ಕುಡಿತವನ್ನು ಮರೆಸುತ್ತವೆ.

ಇನ್ನು ಹೊಸ ತಲೆಮಾರು. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 2025ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮದ್ಯ ಸೇವಿಸುತ್ತೇವೆ ಎಂದ ವಯಸ್ಕರು ಶೇ. 54 ಮಾತ್ರ. ಅದು ಆ ಸಮೀಕ್ಷೆಯ ಇತಿಹಾಸದಲ್ಲೇ ಅತಿ ಕಡಿಮೆ. ಬ್ರಿಟನ್ನಿನ ಯುವಕರಲ್ಲೂ ಕುಡಿತ ಇಳಿದಿದೆ. ಸಂದೇಶ ಹುಟ್ಟಿದ್ದು ಇಂಥ ಸುದ್ದಿಗಳಿಂದ. ಆದರೆ ಅದನ್ನು ಸೊರಬಕ್ಕೆ ತಂದು ಅಂಟಿಸಲು ಆಗುವುದಿಲ್ಲ. ಅಲ್ಲಿ ಮಾರುಕಟ್ಟೆ ಕುಗ್ಗಿದಾಗ ಬಹುರಾಷ್ಟ್ರೀಯ ಮದ್ಯ ಕಂಪನಿಗಳು ಬೆಳವಣಿಗೆಗೆ ನೋಡುವುದು ಭಾರತದ ಕಡೆಗೆ. ಜಗತ್ತಿನಲ್ಲಿ ಅತಿ ಹೆಚ್ಚು ವಿಸ್ಕಿ ಖರ್ಚಾಗುವ ದೇಶ ನಮ್ಮದು. ಮದ್ಯದ ಜಾಹೀರಾತಿಗೆ ಇಲ್ಲಿ ಅನುಮತಿ ಇಲ್ಲ, ಅದಕ್ಕೇ ಅದೇ ಹೆಸರಿನ ಸೋಡಾ, ನೀರು, ಸಂಗೀತದ ಸಿ.ಡಿ.ಗಳ ಜಾಹೀರಾತು ಕಾಣಿಸುತ್ತದೆ.

ಹಳ್ಳಿಯೊಳಗೆ ಮದ್ಯ ತಲುಪುವ ದಾರಿಯೇ ಬೇರೆ. 2003ರಿಂದ ಕರ್ನಾಟಕದಲ್ಲಿ ಕಾನೂನುಬದ್ಧ ಮದ್ಯದ ಸಗಟು ವಿತರಣೆ ರಾಜ್ಯ ಪಾನೀಯ ನಿಗಮದ್ದು. ಅದರ ಡಿಪೋದಿಂದ ಮಾಲು ಪರವಾನಗಿ ಪಡೆದ ಅಂಗಡಿಗೆ ಬರುತ್ತದೆ. ಅಲ್ಲಿಂದ ಚೀಲದಲ್ಲಿ ಹಳ್ಳಿಯ ಗೂಡಂಗಡಿಗೆ, ಚಹಾ ಹೋಟೆಲಿಗೆ, ಕಿರಾಣಿಗೆ ಹೋದಾಗ ಅದೇ ಮಾಲು ಅಕ್ರಮವಾಗುತ್ತದೆ. ಗಂಡ ಕುಡಿಯಲು ಪೇಟೆಗೆ ಹೋಗುವುದು ಒಂದು ಕಷ್ಟ, ಮನೆಯಿಂದ ಹತ್ತು ಹೆಜ್ಜೆಗೆ ಬೆಳಿಗ್ಗೆ ಆರಕ್ಕೇ ಸಿಗುವುದು ಇನ್ನೊಂದು ಕಷ್ಟ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧ ಕೇಳಿ ನಡೆದು ಬಂದಾಗ ಈ ಎರಡನೆಯ ದೂರೇ ಗಟ್ಟಿಯಾಗಿ ಕೇಳಿಸಿತ್ತು. ಪೂರ್ಣ ನಿಷೇಧ ಕೆಲಸ ಮಾಡುತ್ತದೆಯೇ ಎಂಬುದರ ಬಗ್ಗೆ ವಾದವಿದೆ. ಪರವಾನಗಿ ಇಲ್ಲದ ಮಾರಾಟ ಈಗಾಗಲೇ ಅಪರಾಧ ಎಂಬುದರ ಬಗ್ಗೆ ಯಾವ ವಾದವೂ ಇಲ್ಲ.

ಪದೇ ಪದೇ ಬರುವ ಕೆಲವು ಮಾತು

ನಾಟಿಯ ಮಳೆಯಲ್ಲಿ ಒಂದು ಪೆಗ್ ಹಾಕಿದರೆ ಮೈ ಬೆಚ್ಚಗಾಗುತ್ತದೆ ಎಂಬುದು ಚರ್ಮಕ್ಕೆ ಅನಿಸುವ ಸುಳ್ಳು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿ ಹೊರಗೆ ಬರುವುದರಿಂದ ಬೆಚ್ಚಗೆ ಅನಿಸುತ್ತದೆ, ದೇಹದ ಒಳಗಿನ ಶಾಖ ಮಾತ್ರ ಇಳಿಯುತ್ತದೆ. ಬಿಯರ್ ಕುಡಿದರೆ ಮೂತ್ರ ಹೆಚ್ಚು ಬರುವುದು ನಿಜ, ಕಿಡ್ನಿ ಕಲ್ಲು ಕರಗುವುದು ಸುಳ್ಳು. ಬಿಯರಿನ ಪ್ಯೂರಿನ್ ಅಂಶ ಯೂರಿಕ್ ಆಮ್ಲದ ಕಲ್ಲಿಗೆ ಅನುಕೂಲವನ್ನೇ ಮಾಡುತ್ತದೆ. ರೆಡ್ ವೈನ್ ಹೃದಯಕ್ಕೆ ಒಳ್ಳೆಯದು ಎಂದ ಹಳೆಯ ಅಧ್ಯಯನಗಳಲ್ಲಿ ಹಲವು, ಕಾಯಿಲೆ ಬಿದ್ದು ಕುಡಿತ ಬಿಟ್ಟವರನ್ನೂ ‘ಕುಡಿಯದವರು’ ಎಂದು ಎಣಿಸಿದ್ದವು. ಹಾಗಾಗಿ ಕುಡಿಯುವವರು ಆರೋಗ್ಯವಂತರಂತೆ ಕಂಡರು. ಆರೋಗ್ಯಕ್ಕೆ ಸುರಕ್ಷಿತ ಎನ್ನುವಂಥ ಪ್ರಮಾಣ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಊಟದಲ್ಲಿ ಪುಡಿ ಬೆರೆಸಬೇಡಿ

ಈ ಲೇಖನದಲ್ಲಿ ಒಂದೇ ಭಾಗ ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ. ‘ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಕೆಲವೇ ದಿನದಲ್ಲಿ ಕುಡಿತ ಬಿಡಿಸಿ’ ಎಂಬ ಜಾಹೀರಾತು ಗೋಡೆಯಿಂದ ಫೋನಿಗೆ ಬಂದು ಬಹಳ ಕಾಲವಾಯಿತು. ಹೆಂಡತಿ, ತಾಯಿ ದಿಕ್ಕು ತೋಚದೆ ಕೊಳ್ಳುತ್ತಾರೆ. ಏನು ಹಾಕಿದೆ ಎಂದು ಗೊತ್ತಿಲ್ಲದ ಇಂಥ ಪುಡಿಯಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದರೆ ಅಪಾಯ ದೊಡ್ಡದು. ಡೈಸಲ್ಫಿರಾಮ್ ಕೆಟ್ಟ ಔಷಧಿಯಲ್ಲ, ವೈದ್ಯರೂ ಕೊಡುತ್ತಾರೆ. ಆದರೆ ರೋಗಿಗೆ ತಿಳಿಸಿ, ಹೃದಯ, ಯಕೃತ್ತು ಪರೀಕ್ಷಿಸಿ ಕೊಡುತ್ತಾರೆ. ಅದು ಮದ್ಯಸಾರ ದೇಹದಲ್ಲಿ ಪೂರ್ತಿ ಕರಗದಂತೆ ತಡೆಯುತ್ತದೆ, ಅರ್ಧದಲ್ಲಿ ಉಳಿದ ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ತುಂಬುತ್ತದೆ. ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿಯದೆ ಕುಡಿದವನು ಸಾಯಲೂಬಹುದು.

ಇದರ ಇನ್ನೊಂದು ಮುಖ ಏಕಾಏಕಿ ನಿಲ್ಲಿಸುವುದು. 2020ರ ಲಾಕ್‌ಡೌನಿನಲ್ಲಿ ಸುಮಾರು 40 ದಿನ ಮದ್ಯದಂಗಡಿ ಮುಚ್ಚಿದ್ದವು. ಮೇ 4ರಂದು ತೆರೆದಾಗ ರಾಜ್ಯದಲ್ಲಿ ಒಂದೇ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿ ವ್ಯಾಪಾರವಾಯಿತು. ಆ ಸಾಲುಗಳ ಚಿತ್ರ ಹಾಕಿ ನಕ್ಕವರು ಬಹಳ. ಅದಕ್ಕೂ ಮೊದಲಿನ ವಾರಗಳಲ್ಲಿ ಮದ್ಯ ಸಿಗದೆ ನಡುಕ, ಫಿಟ್ಸ್ ಬಂದು ಆಸ್ಪತ್ರೆ ಸೇರಿದವರ ಬಗ್ಗೆ ಮಾತಾಡಿದವರು ಕಡಿಮೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರ ಮೆದುಳು ಮದ್ಯಕ್ಕೆ ಒಗ್ಗಿರುತ್ತದೆ. ನಿಲ್ಲಿಸಿದ ಮೊದಲ ದಿನ ಕೈ ನಡುಕ, ಬೆವರು, ನಿದ್ದೆ ಬಾರದಿರುವುದು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ಗುರುತು ತಪ್ಪುವುದು, ಜ್ವರ ಬರಬಹುದು. ಇದನ್ನು ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಕರೆದೊಯ್ದರೆ ಜೀವ ಹೋಗುವ ಸಮಯವೇ ವ್ಯರ್ಥವಾಗುತ್ತದೆ. ಇದು ತುರ್ತು ಚಿಕಿತ್ಸೆಯ ಕಾಯಿಲೆ.

ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಬಿಟ್ಟವರಿದ್ದಾರೆ. ಜೊತೆಗಾರರ ಬಲ ದೊಡ್ಡದು. ಆದರೆ ಈ ಹಿಂದೆ ನಿಲ್ಲಿಸಿದಾಗ ಫಿಟ್ಸ್ ಬಂದವರು, ಬೆಳಿಗ್ಗೆ ಎದ್ದ ಕೂಡಲೇ ಕುಡಿಯದೆ ಕೈ ನಿಲ್ಲದವರು ಶಿಬಿರಕ್ಕೆ ಮೊದಲು ವೈದ್ಯರನ್ನು ಕಾಣಬೇಕು.

ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಶಿವಮೊಗ್ಗ ಜಿಲ್ಲೆಯವರಿಗೆ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ಹೋಗುವಾಗ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಎಂಎಲ್, ಕೊನೆಯ ಸಲ ಕುಡಿದದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ, ಮನೆಯಲ್ಲಿ ಯಾವುದಾದರೂ ಪುಡಿ ಕೊಟ್ಟಿದ್ದಿರಾ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪುಡಿಯ ಪೊಟ್ಟಣ ಇದ್ದರೆ ಅದನ್ನೂ ಜೊತೆಗೆ ಒಯ್ಯಿರಿ.